ಓಮಿಹಾಚಿಮಾನಿನ ದೋಣಿಯಲ್ಲಿ ಒಂದು ಮಗು

ಸೊಳ್ಳೆಪರದೆಯ ಅಂಚು ಕೆಂಪೋ ಕಿತ್ತಳೆಯೋ ಎಂದು ಎದ್ದು ಹೋಗಿ ನೋಡಿ ಬಂದು ಈ ಸಾಲನ್ನು ಬರೆಯುತ್ತಿದ್ದೇನೆ. ಕೆಂಪೇ. ಪರದೆಯ ಮೈ ಹಸಿರು. ಇದಿಷ್ಟನ್ನು ನೀವು ಧೈರ್ಯವಾಗಿ ನಂಬಬಹುದು. ಮುಂದೆ ಬರುವುದರಲ್ಲಿ ಊರಿನ ಹೆಸರು ಸರಿ, ಸರೋವರದ ಹೆಸರು ಸರಿ, ನನ್ನ ಅಕ್ಕನ ಸ್ವಭಾವವೂ ಸರಿಯೇ. ಉಳಿದದ್ದರಲ್ಲಿ ಕೆಲವು ನನಗೆ ನೆನಪಿರುವುದು, ಕೆಲವು ನೆನಪಿದೆ ಎಂದು ನಾನು ಅಂದುಕೊಂಡಿರುವುದು. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಕೇಳಬೇಡಿ. ನನ್ನ ಈಗಿನ ತೊಂದರೆಯೇ ಅದು.

ಪರದೆ ಪರದೇಶದಲ್ಲಿರುವ ನಮ್ಮ ವುಡಿನ್‌ವಿಲ್ ಮನೆಗೆ ಬಂದದ್ದು ಮಾರ್ಚ್ ತಿಂಗಳಲ್ಲಿ, ಅಮ್ಮಿಯ ಸೂಟ್‌ಕೇಸಿನಲ್ಲಿ. ಅಮ್ಮಿ ಎಂದರೆ ನನ್ನ ತಾಯಿ. ರಾಮನಗರದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿದವರು. ಮನೆಯಲ್ಲಿ ನಾವು ಮಾತಾಡುವುದು ದಖನಿ. ಆದರೆ ಏನನ್ನಾದರೂ ನಯವಾಗಿ ತಪ್ಪಿಸಿಕೊಳ್ಳಬೇಕಾದಾಗ ಅಮ್ಮಿ ಕನ್ನಡಕ್ಕೆ ಬರುತ್ತಾರೆ. ಕೋಪ ದಖನಿಯಲ್ಲಿ, ರಾಜತಂತ್ರ ಕನ್ನಡದಲ್ಲಿ. ಇಲ್ಲಿ ಅವರು ಆಡುವ ಮಾತೆಲ್ಲ ಕನ್ನಡದಲ್ಲೇ ಇರುವುದು ಯಾಕೆಂದು ನೀವೇ ಊಹಿಸಬಹುದು.

ಸೂಟ್‌ಕೇಸಿನಿಂದ ಮನೆಯಲ್ಲೇ ಹುರಿದು ಪುಡಿ ಮಾಡಿದ ಮಸಾಲೆ ಬಂತು. ನನ್ನ ಮಗಳು ಸನಾಗೆಂದು ತಂದ, ಅವಳಿಗೆ ಎರಡು ವರ್ಷದ ಹಿಂದೆ ಸರಿಹೋಗುತ್ತಿದ್ದ ಚೂಡಿದಾರಗಳು ಬಂದವು. ತಳದಲ್ಲಿ ಈ ಪರದೆ. ಇಲ್ಲಿ ಪ್ರತಿ ಕಿಟಕಿಗೂ ಜಾಲರಿ ಇದೆ, ಸೊಳ್ಳೆಗಳೂ ಅಷ್ಟಕ್ಕಷ್ಟೇ. ಇದನ್ನು ಯಾಕೆ ಹೊತ್ತು ತಂದಿರಿ ಎಂದರೆ, ಪೆಟ್ಟಿಗೆಯಲ್ಲಿ ಜಾಗ ಉಳಿದಿತ್ತು ಎಂದರು. ಮಗಳ ಮನೆಗೆ ಹೊರಟ ತಾಯಿಯ ಪೆಟ್ಟಿಗೆಯಲ್ಲಿ ಜಾಗ ಉಳಿದ ಉದಾಹರಣೆ ನನಗಂತೂ ಗೊತ್ತಿಲ್ಲ. ನಾನು ಮುಂದೆ ಕೇಳಲಿಲ್ಲ. ಸನಾ ಅದನ್ನು ತನ್ನ ಮಂಚದ ಮೇಲೆ ಡೇರೆಯಂತೆ ಕಟ್ಟಿಕೊಂಡಳು. ನಾಲ್ಕು ಮೂಲೆಗೂ ಹಿತ್ತಾಳೆ ಬಳೆ, ಬಳೆಗೆ ದಾರ. ಮೂವತ್ತೈದು ವರ್ಷದ ಹಿಂದೆ ನಾನೂ ನನ್ನ ಅಕ್ಕನೂ ಅದರೊಳಗೆ ಮಲಗುತ್ತಿದ್ದೆವು. ಅಕ್ಕನನ್ನು ನಾನು ಕರೆಯುವುದು ಆಪಾ ಎಂದು. ನನಗಿಂತ ಒಂದೂವರೆ ವರ್ಷಕ್ಕೆ ದೊಡ್ಡವಳು. ಈಗ ಎವರೆಟ್‌ನಲ್ಲಿ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್.

ಪರದೆ ಜಪಾನಿನದು. ಅಬ್ಬಾ, ಅಂದರೆ ನನ್ನ ತಂದೆ, ರೇಷ್ಮೆ ಇಲಾಖೆಯಲ್ಲಿದ್ದರು. ಅವರ ತಂದೆಯದು ಗೂಡು ಬೇಯಿಸಿ ನೂಲು ತೆಗೆಯುವ ಮನೆತನ. ಬಿಸಿನೀರಿನ ತೊಟ್ಟಿಯಲ್ಲಿ ಬೆರಳು ಅದ್ದಿ ನೂಲಿನ ತುದಿ ಹುಡುಕುವುದನ್ನು ಅಬ್ಬಾ ಎಂಟನೇ ವಯಸ್ಸಿಗೇ ಕಲಿತಿದ್ದರಂತೆ. ನಾವು ತುಂಬ ಚಿಕ್ಕವರಿದ್ದಾಗ ಅವರನ್ನು ಹತ್ತು ತಿಂಗಳ ತರಬೇತಿಗೆ ಜಪಾನಿಗೆ ಕಳಿಸಿದರು. ತರಬೇತಿ ಕ್ಯೋಟೋದ ಹತ್ತಿರ, ವಾಸ ಮಾತ್ರ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಓಮಿಹಾಚಿಮಾನ್ ಎಂಬ ಊರಿನಲ್ಲಿ. ಅಷ್ಟು ದೂರ ಯಾಕೆ ಎಂದರೆ, ಕ್ಯೋಟೋದಲ್ಲಿ ಮನೆ ಸಿಗಲಿಲ್ಲ ಎಂದು ಅಬ್ಬಾ ಹೇಳುತ್ತಿದ್ದರು, ಅಬ್ಬಾಗೆ ನೀರಿನ ಪಕ್ಕ ಇರಬೇಕಿತ್ತು ಎಂದು ಅಮ್ಮಿ ಹೇಳುತ್ತಿದ್ದರು. ಅಬ್ಬಾ ಈಗಿಲ್ಲ, ಅಮ್ಮಿಯ ಹೇಳಿಕೆಗೆ ಎದುರಿಲ್ಲ.

ಆ ಊರಿನ ಭೂಗೋಳ ನನಗೆ ರಾಮನಗರಕ್ಕಿಂತ ಮೊದಲು ಬಾಯಿಪಾಠವಾಗಿತ್ತು. ಸಂಜೆ ಊಟ ಮುಗಿದ ಮೇಲೆ ಪರದೆಯೊಳಗೆ ನಾವಿಬ್ಬರು ಆಚೀಚೆ, ಅಮ್ಮಿ ನಡುವೆ. ಒಂದು ದೊಡ್ಡ ಸರೋವರ, ಹೆಸರು ಬಿವಾ. ವೀಣೆಯಂಥ ಒಂದು ವಾದ್ಯದ ಆಕಾರ. ನೂರಾರು ಹೊಳೆಗಳು ಒಳಗೆ ಬರುತ್ತವೆ, ತಾನಾಗಿ ಹೊರಗೆ ಹೋಗುವ ನದಿ ಒಂದೇ. ಸರೋವರದ ಪೂರ್ವಕ್ಕೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಕಾಲುವೆ, ಕಾಲುವೆಯ ಈಚೆಗೆ ಚದುರಂಗದ ಹಾಸಿನಂತೆ ನೆಟ್ಟಗಿನ ಬೀದಿಗಳು. ಗುಡ್ಡದ ಮೇಲೆ ಒಬ್ಬ ಎಳೆಯ ದೊರೆ ಕೋಟೆ ಕಟ್ಟಿದ. ಸರೋವರದಲ್ಲಿ ಓಡಾಡುವ ದೋಣಿಗಳೆಲ್ಲ ತನ್ನ ಕಾಲುವೆಗೆ ಬಂದು ನಿಂತು ಹೋಗಬೇಕು ಎಂದು ಅಪ್ಪಣೆ ಮಾಡಿದ. ದೋಣಿ ನಿಂತರೆ ವ್ಯಾಪಾರ. ಹತ್ತೇ ವರ್ಷ. ದೊರೆಗೂ ಅವನ ದೊಡ್ಡಪ್ಪನೋ ಮಾವನೋ ಆದ ಮಹಾರಾಜನಿಗೂ ಮನಸ್ತಾಪವಾಗಿ ದೊರೆ ಸತ್ತ, ಕೋಟೆ ಕೆಡವಿದರು. ದೊರೆಯಿಲ್ಲದ ಊರಿನಲ್ಲಿ ವ್ಯಾಪಾರಿಗಳು ಏನು ಮಾಡಬೇಕು? ಹೆಗಲ ಮೇಲೊಂದು ಅಡ್ಡೆ, ಅದರ ಎರಡು ತುದಿಗೆ ಸೊಳ್ಳೆಪರದೆ, ಚಾಪೆ ತೂಗುಹಾಕಿಕೊಂಡು ದೇಶವೆಲ್ಲ ತಿರುಗಿದರು. ಒಬ್ಬ ವ್ಯಾಪಾರಿ ಬೆಟ್ಟದ ದಾರಿಯಲ್ಲಿ ಮರದ ಕೆಳಗೆ ಮಲಗಿದ್ದಾಗ ಎಳೆ ಬಳ್ಳಿಗಳ ನಡುವೆ ಇರುವಂತೆ ಕನಸು ಬಿತ್ತು. ಎದ್ದವನೇ ಪರದೆಗೆ ಹಸಿರು ಬಣ್ಣ ಹಾಕಿಸಿ, ಕೆಂಪು ಅಂಚು ಕಟ್ಟಿಸಿದ. ಇಷ್ಟು ಹೇಳುವ ಹೊತ್ತಿಗೆ ನಾವು ಹಸಿರಿನೊಳಗೇ ಇರುತ್ತಿದ್ದೆವಲ್ಲ, ಬೇರೆ ಪುರಾವೆ ಬೇಕಿರಲಿಲ್ಲ.

ಆಮೇಲೆ ಕೊನೆಯ ಭಾಗ. ಅಬ್ಬಾ ಒಂದು ರಜೆಯ ದಿನ ದೋಣಿಗೆ ಕರೆದುಕೊಂಡು ಹೋದರು. ಆಳೆತ್ತರದ ಜೊಂಡಿನ ನಡುವೆ ದೋಣಿ ನುಗ್ಗಿತು. ಜೊಂಡಿನೊಳಗಿಂದ ಒಂದು ಹಕ್ಕಿ ಬೈದ ಹಾಗೆ ಕೂಗಿತು. ಮಗು ಹೆದರದೆ ದೋಣಿಯ ಮೂತಿಯಲ್ಲಿ ಹೋಗಿ ಕೂತಿತು. ಯಾವ ಮಗು ಎಂದು ಅಮ್ಮಿ ಹೇಳುತ್ತಿದ್ದರೋ ಇಲ್ಲವೋ ನನಗೆ ಈಗ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ಆಗ ಆ ಪ್ರಶ್ನೆಯೇ ಇರಲಿಲ್ಲ. ದೋಣಿಯ ಮರ ನನ್ನ ತೊಡೆಗೆ ತಣ್ಣಗೆ ತಾಗಿದ್ದು ನನಗೆ ಗೊತ್ತು.

ಏಪ್ರಿಲ್‌ನಲ್ಲಿ ಸನಾಳ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಪ್ರಪಂಚದ ನಕ್ಷೆಯ ಮೇಲೆ ಮನೆಯವರು ವಾಸವಾಗಿದ್ದ ಊರುಗಳಿಗೆ ಗುಂಡುಸೂಜಿ ಚುಚ್ಚಿ ಹೆಸರು ಬರೆಯಬೇಕು. ಭಾನುವಾರ ಮಧ್ಯಾಹ್ನ, ಆಪಾ ಊಟಕ್ಕೆ ಬಂದಿದ್ದಳು. ರಾಮನಗರ, ಮೈಸೂರು, ವುಡಿನ್‌ವಿಲ್, ಎವರೆಟ್ ಆದವು. ಜಪಾನಿಗೂ ಒಂದು ಚುಚ್ಚು, ನನ್ನ ಹೆಸರು ಬರಿ ಎಂದೆ.

ಆಪಾ ಪ್ಲೇಟಿನಿಂದ ತಲೆ ಎತ್ತಿದಳು. "ನಿನ್ನ ಹೆಸರು ಯಾಕೆ? ನೀನೆಲ್ಲಿ ಬಂದಿದ್ದೆ? ಅಮ್ಮಿ, ಅಬ್ಬಾ, ನಾನು. ನೀನು ಖಾಲಾ ಮನೇಲಿದ್ದೆ."

ನನಗೆ ನಗು ಬಂತು. ಖಾಲಾ ಎಂದರೆ ಅಮ್ಮಿಯ ಅಕ್ಕ, ಚನ್ನಪಟ್ಟಣದಲ್ಲಿರುವವರು. "ಖಾಲಾ ಮನೇಲಿ ಇದ್ದಿದ್ದು ನೀನು," ಎಂದೆ. ಹಾಗೆನ್ನುವವರೆಗೆ ಅಂಥದ್ದೊಂದು ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ. ನಾವಿಬ್ಬರೂ ಹೋಗಿದ್ದೆವೆಂದೇ ತಿಳಿದಿದ್ದೆ. ಜಗಳದಲ್ಲಿ ಬಾಯಿಗೆ ಬಂದದ್ದನ್ನು ಎಸೆಯುವ ಅಭ್ಯಾಸ ಚಿಕ್ಕಂದಿನದು.

ಇಬ್ಬರೂ ಅಮ್ಮಿಯ ಕಡೆ ತಿರುಗಿದೆವು. ಅಮ್ಮಿ ಸನಾಳ ತಟ್ಟೆಗೆ ಮೊಸರು ಬಡಿಸುತ್ತಿದ್ದರು. "ಇಬ್ರೂ ಹೋಗಿದ್ರಿ," ಎಂದರು, ಕನ್ನಡದಲ್ಲಿ.

ಸನಾ ಎರಡೂ ಹೆಸರು ಬರೆದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಓಕೆ, ಬೋತ್," ಎಂದಳು. ಶಾಲೆಯ ಮಟ್ಟಿಗೆ ವಿಷಯ ಮುಗಿಯಿತು.

ನಮಗೆ ಮುಗಿಯಲಿಲ್ಲ. ಇದು ಸಣ್ಣ ವಿಷಯ ಎಂದು ನಿಮಗೆ ಅನ್ನಿಸಬಹುದು. ಸೋಮವಾರ ಡೆನ್ನಿ ಟ್ರಯಾಂಗಲ್‌ನ ಆಫೀಸಿಗೆ ಬಸ್ಸಿನಲ್ಲಿ ಕೂತಾಗ ನನಗೂ ಹಾಗೆಯೇ ಅನ್ನಿಸಿತ್ತು. ನಾನು ಹನ್ನೊಂದನೇ ವಯಸ್ಸಿನಿಂದ ದಿನಚರಿ ಬರೆಯುವವಳು. ಹಳೆಯವುಗಳನ್ನು ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಬಸ್ಸಿನಲ್ಲೇ ಹುಡುಕಿದೆ. ಹದಿನಾಲ್ಕನೇ ವರ್ಷದ ಒಂದು ಪುಟದಲ್ಲಿ ದುಂಡಗೆ ಬರೆದಿದ್ದೇನೆ: ನಾನು ಜಪಾನಿನಲ್ಲಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಸರೋವರ ಕಾಣುತ್ತಿತ್ತು. ಮನಸ್ಸು ಹಗುರವಾಯಿತು. ನಾಲ್ಕು ಪುಟ ಮುಂದೆ: ಆ ಹಕ್ಕಿ ಹೇಗೆ ಕೂಗಿತು ಎಂದು ಆಪಾ ಇವತ್ತು ಮಾಡಿ ತೋರಿಸಿದಳು. ಮನಸ್ಸು ಮತ್ತೆ ಭಾರವಾಯಿತು. ನನಗೆ ನೆನಪಿರುವ ಹಕ್ಕಿಯ ಕೂಗು ಹಕ್ಕಿಯದೋ ಆಪಾಳದೋ? ನನ್ನ ಸಾಕ್ಷಿಗೆ ನನ್ನದೇ ಕೈಬರಹ ತಿರುಗಿಬಿತ್ತು.

ಆಮೇಲೆ ನಾವಿಬ್ಬರೂ ಪತ್ತೇದಾರರಾದೆವು. ಅಮ್ಮಿಯ ಹಳೆಯ ಪಾಸ್‌ಪೋರ್ಟ್ ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆಯ ಟ್ರಂಕಿನಲ್ಲಿತ್ತು. ಆಗೆಲ್ಲ ಸಣ್ಣ ಮಕ್ಕಳ ಹೆಸರನ್ನು ತಾಯಿಯ ಪಾಸ್‌ಪೋರ್ಟಿನಲ್ಲೇ ಬರೆಯುತ್ತಿದ್ದರು. ಚಿಕ್ಕಪ್ಪ ಫೋಟೋ ತೆಗೆದು ಕಳಿಸಿದರು. ಎರಡೂ ಹೆಸರು ಇದ್ದವು. ನಾನು ಗೆದ್ದೆ ಎಂದುಕೊಂಡೆ. ಆಪಾ, ಹೆಸರು ಬರೆಸೋದು ಹೊರಡೋಕೆ ಎಷ್ಟೋ ಮುಂಚೆ, ಅದರಿಂದ ಏನು ಗೊತ್ತಾಗತ್ತೆ ಎಂದು ಮೆಸೇಜ್ ಮಾಡಿದಳು. ಎಂಜಿನಿಯರ್‌ಗಳೊಂದಿಗೆ ವಾದಿಸುವುದು ಕಷ್ಟ.

ಅಮ್ಮಿಯ ಆಲ್ಬಮ್ಮಿನಲ್ಲಿ ಜಪಾನಿನ ಫೋಟೋ ಹನ್ನೊಂದಿವೆ. ಹೆಚ್ಚಿನವುಗಳಲ್ಲಿ ಅಬ್ಬಾ ಯಂತ್ರಗಳ ಪಕ್ಕ ಯಂತ್ರದಂತೆ ನಿಂತಿದ್ದಾರೆ. ಒಂದು ಮಾತ್ರ ದೋಣಿಯದು. ಮೂತಿಯಲ್ಲಿ ಒಂದು ಮಗು, ಬೆನ್ನು ನಮ್ಮ ಕಡೆ, ಹುಲ್ಲಿನ ಟೋಪಿ, ಹಳದಿ ಫ್ರಾಕು. ಒಂದೇ ಮಗು. ನಮ್ಮಿಬ್ಬರಿಗೂ ಆಗ ಒಂದೇ ಥಾನಿನಲ್ಲಿ ಫ್ರಾಕು ಹೊಲಿಸುತ್ತಿದ್ದರು, ಕೂದಲನ್ನೂ ಒಟ್ಟಿಗೆ ಕತ್ತರಿಸುತ್ತಿದ್ದರು. ಆ ಬೆನ್ನನ್ನು ನಾನು ಫೋನಿನಲ್ಲಿ ಎಷ್ಟು ದೊಡ್ಡದು ಮಾಡಿ ನೋಡಿದೆನೆಂದರೆ ಕೊನೆಗೆ ಅದು ಬೆನ್ನಾಗಿಯೇ ಉಳಿಯಲಿಲ್ಲ, ಹಳದಿ ಚೌಕಗಳಾದವು.

ಇನ್ನುಳಿದವರು ಖಾಲಾ. ವಾಟ್ಸಾಪ್‌ನಲ್ಲಿ ಕಾಲ್ ಮಾಡಿದೆ. ಅಮ್ಮಿ ಆಗ ಹಿತ್ತಲಲ್ಲಿ ಕೊತ್ತಂಬರಿಗೆ ನೀರು ಹಾಕುತ್ತಿದ್ದರು. ಖಾಲಾ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿಬಿಟ್ಟರು: ಹೊರಡುವ ವಾರದಲ್ಲಿ ಒಬ್ಬಳಿಗೆ ಸೀತಾಳೆ ಎದ್ದಿತು. ಮೈಯೆಲ್ಲ ಬೊಕ್ಕೆ. ವಿಮಾನ ಹತ್ತಿಸುವ ಹಾಗಿರಲಿಲ್ಲ. ವಾಸಿಯಾದ ಮೇಲೆ ಯಾರಾದರೂ ಕರೆದುಕೊಂಡು ಬಂದು ಬಿಡುತ್ತಾರೆ ಎಂದುಕೊಂಡರು, ಯಾರೂ ಸಿಗಲಿಲ್ಲ. ಹತ್ತು ತಿಂಗಳು ಅವಳು ಚನ್ನಪಟ್ಟಣದಲ್ಲೇ ಇದ್ದಳು.

"ಯಾರು ಖಾಲಾ? ನಾನಾ, ಆಪಾನಾ?"

"ಚಿಕ್ಕವಳು ಅನ್ಸತ್ತೆ ಕಣಮ್ಮ. ಅಲ್ಲ, ದೊಡ್ಡವಳೇ ಇರ್ಬೇಕು, ನಮ್ ಮುನ್ನಿ ಜೊತೆ ಬಾಲವಾಡಿಗೆ ಹೋಗ್ತಿತ್ತು. ಅದು ಬೇರೆ ವರ್ಷಾನೋ ಏನೋ. ನಂಗೆ ನನ್ ಐದು ಮಕ್ಕಳ ಸೀತಾಳೆನೇ ಸರಿಯಾಗಿ ನೆನಪಿಲ್ಲ. ನಿಮ್ಮಮ್ಮನ್ನ ಕೇಳು, ಪಕ್ಕದಲ್ಲೇ ಇದ್ದಾಳಲ್ಲ."

ಸೀತಾಳೆಯ ಕಲೆ ನನ್ನ ಹುಬ್ಬಿನ ಮೇಲೊಂದಿದೆ, ಆಪಾಳ ಗಲ್ಲದ ಮೇಲೊಂದಿದೆ. ಯಾವುದು ಯಾವ ವರ್ಷದ್ದು ಎಂದು ಕಲೆಯ ಮೇಲೆ ಬರೆದಿರುವುದಿಲ್ಲ.

ಅಮ್ಮಿಗೆ ಖಾಲಾ ಹೇಳಿದ್ದನ್ನು ಹೇಳಿದೆ. ಅಮ್ಮಿ ತಮ್ಮ ಅಕ್ಕನಿಗೆ ವಯಸ್ಸಾಯಿತು ಎಂದರು. ಇಬ್ಬರೂ ಹೋಗಿದ್ದಿರಿ ಎಂದು ಮತ್ತೊಮ್ಮೆ ಹೇಳಿದರು. ಆದರೆ ಈ ಸಲ ನನ್ನ ಕಡೆ ನೋಡಲಿಲ್ಲ.

ಜೂನ್‌ನಲ್ಲಿ ಆಫೀಸಿನ ಕೆಲಸಕ್ಕೆ ನಾನು ಟೋಕಿಯೋಗೆ ಹೋಗಬೇಕಾಗಿ ಬಂತು. ಎರಡು ದಿನ ರಜೆ ಸೇರಿಸಿಕೊಂಡೆ. ಊರನ್ನು ನೋಡಿದರೆ ಮೈಗೆ ಗೊತ್ತಾಗುತ್ತದೆ ಎಂಬ ನಂಬಿಕೆ. ವಿದ್ಯಾವಂತರೂ ಇಂಥದ್ದನ್ನು ನಂಬುತ್ತಾರೆ, ಟಿಕೆಟ್ ಬುಕ್ ಮಾಡುವಾಗ ಮಾತ್ರ ಯಾರಿಗೂ ಹೇಳುವುದಿಲ್ಲ.

ಓಮಿಹಾಚಿಮಾನ್ ಸ್ಟೇಷನ್ನಿನಲ್ಲಿ ಇಳಿದಾಗ ಮೈಗೆ ಏನೂ ಗೊತ್ತಾಗಲಿಲ್ಲ. ಹಳೆಯ ಪೇಟೆ ಸ್ಟೇಷನ್ನಿನಿಂದ ದೂರ. ಬಸ್ಸಿನಲ್ಲಿ ಹೋದೆ. ಬೀದಿಗಳು ಅಮ್ಮಿ ಹೇಳಿದಂತೆಯೇ ನೆಟ್ಟಗಿದ್ದವು. ಕಪ್ಪು ಹೆಂಚಿನ, ಮರದ ಜಾಲರಿಯ ವ್ಯಾಪಾರಿ ಮನೆಗಳು, ಗೋಡೆಯ ಮೇಲಿಂದ ರಸ್ತೆಗೆ ಬಗ್ಗಿ ನೋಡುವ ಪೈನ್ ಮರಗಳು. ನಾನು ಒಂದೊಂದೇ ಬೀದಿಯ ಕೊನೆಯವರೆಗೆ ನಡೆದೆ. ಯಾವ ಬೀದಿಯ ಕೊನೆಯಲ್ಲೂ ಸರೋವರ ಇರಲಿಲ್ಲ. ಕೊನೆಯಲ್ಲಿ ಇದ್ದದ್ದು ಗುಡ್ಡ. ಸರೋವರ ಗುಡ್ಡದ ಆಚೆಗೆ. ಊರಿನೊಳಗೆ ಎಲ್ಲಿ ನಿಂತರೂ ಅದು ಕಾಣುವುದಿಲ್ಲ. ತಂತಿಯ ಮೇಲೆ ಹೋಗುವ ಡಬ್ಬಿಯಲ್ಲಿ ಕೂತು ಗುಡ್ಡದ ಮೇಲೆ ಹೋಗಿ, ಕೆಡವಿದ ಕೋಟೆಯ ಕಲ್ಲುಗಳ ಮೇಲೆ ನಿಂತಾಗ ಮಾತ್ರ ಕಂಡಿತು: ಒಂದು ಕಡೆ ಹೆಂಚಿನ ಚದುರಂಗ, ಇನ್ನೊಂದು ಕಡೆ ಬೂದುಬಣ್ಣದ ನೀರು. ಎರಡನ್ನೂ ಒಟ್ಟಿಗೆ ನೋಡಬೇಕಾದರೆ ದೊರೆಯೇ ಆಗಿರಬೇಕು.

ಹಾಗಾದರೆ ನನ್ನ ಬೀದಿಯ ಕೊನೆಯ ಸರೋವರ ಎಲ್ಲಿಂದ ಬಂತು? ಅಲ್ಲೊಂದು ವ್ಯಾಪಾರಿ ಮನೆಯನ್ನು ಈಗ ನೋಡಲು ತೆರೆದಿದ್ದಾರೆ. ಗೋಡೆಗೆ ಹಳೆಯ ನಕ್ಷೆ ತೂಗುಹಾಕಿತ್ತು. ಊರಿನ ಸುತ್ತ ಮುಂಚೆ ಇನ್ನಷ್ಟು ನೀರು ಇತ್ತಂತೆ. ದೊಡ್ಡ ಸರೋವರದ ಮಗ್ಗುಲಲ್ಲಿ ಒಳಸರೋವರಗಳು. ಅವುಗಳಲ್ಲಿ ಹಲವನ್ನು ಬತ್ತಿಸಿ ಗದ್ದೆ ಮಾಡಿದರು, ಅದೂ ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ. ನನಗೆ ನೆನಪಿರುವ ನೀರು ಅಲ್ಲಿ ಇದ್ದಿದ್ದರೂ ನಾನು ನೋಡುವ ಹೊತ್ತಿಗೆ ಭತ್ತವಾಗಿತ್ತು. ಬೀದಿ ಹೋಗಿ ನೇರ ನೀರಿಗೆ ಮುಟ್ಟುವುದನ್ನು ನಾನು ನಿಜವಾಗಿ ನೋಡಿರುವುದು ಕರ್ಕ್‌ಲ್ಯಾಂಡ್‌ನಲ್ಲಿ, ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ಡ್ರೈವ್. ಆದರೆ ಕರ್ಕ್‌ಲ್ಯಾಂಡ್ ನೋಡಿದ್ದು ಮದುವೆಯಾದ ಮೇಲೆ, ದಿನಚರಿಯ ಸಾಲು ಹದಿನಾಲ್ಕನೇ ವಯಸ್ಸಿನದು. ಇಲ್ಲಿ ನಾನು ಲೆಕ್ಕ ಬಿಟ್ಟುಕೊಟ್ಟೆ.

ಅದೇ ಮನೆಯಲ್ಲಿ ಆ ಅಡ್ಡೆಯೂ ಇತ್ತು. ಭುಜ ತಾಗುವ ಜಾಗದಲ್ಲಿ ಮರ ನುಣುಪಾಗಿತ್ತು. ಮಾರುವವನಿಗೂ ಒಳ್ಳೆಯದು, ಕೊಳ್ಳುವವನಿಗೂ ಒಳ್ಳೆಯದು, ಲೋಕಕ್ಕೂ ಒಳ್ಳೆಯದು ಎಂಬುದು ಆ ಸೀಮೆಯ ವ್ಯಾಪಾರಿಗಳ ನೀತಿಯಂತೆ. ಗಂಡಸರು ಅಡ್ಡೆ ಹೊತ್ತು ತಿಂಗಳುಗಟ್ಟಲೆ ದೂರದ ಸೀಮೆಗಳಿಗೆ ಹೋಗುತ್ತಿದ್ದರು. ಅಲ್ಲೆಲ್ಲ ಅಂಗಡಿ ಹಾಕಿದರೂ ಮೂಲ ಮನೆ ಇಲ್ಲೇ, ಹೆಂಡತಿ ಮಕ್ಕಳು ಇಲ್ಲೇ. ಹೋದವರು ಹೋದ ದಾರಿಗಳನ್ನು ನಕ್ಷೆಯ ಮೇಲೆ ಕೆಂಪು ಗೆರೆಗಳಲ್ಲಿ ತೋರಿಸಿದ್ದರು. ಉಳಿದವರಿಗೆ ಗೆರೆ ಇರಲಿಲ್ಲ. ಹಿಂದೆ ಅಡುಗೆಮನೆ ಇತ್ತು, ಸಾಲಾಗಿ ಒಲೆಗಳು. ಅಲ್ಲಿ ನಾನು ಯಾಕೆ ಅಷ್ಟು ಹೊತ್ತು ನಿಂತೆನೋ ತಿಳಿಯದು.

ಮಧ್ಯಾಹ್ನ ಊಟಕ್ಕೆ ಒಂದು ಕೆಂಪು ಚೌಕದ ತುಂಡು ಬಂತು. ಇದರ ಬಗ್ಗೆ ಅಮ್ಮಿ ನಮಗೆ ಎಷ್ಟು ಸಲ ಹೇಳಿಲ್ಲ! ಎಲ್ಲ ಅಂಗಡಿಯಲ್ಲೂ ಇದನ್ನು ಇಟ್ಟಿರುತ್ತಿದ್ದರಂತೆ. ಯಾವುದೋ ಪ್ರಾಣಿಯ ಯಕೃತ್ತು ಇರಬೇಕು, ಯಾವ ಪ್ರಾಣಿಯೋ, ಹಲಾಲೋ ಅಲ್ಲವೋ ಎಂದು ಹತ್ತು ತಿಂಗಳು ಆ ಅಂಗಡಿಗಳ ಮುಂದೆ ಮುಖ ತಿರುಗಿಸಿಕೊಂಡು ನಡೆದಿದ್ದರು. ಬಡಿಸಿದವಳನ್ನು ಫೋನಿನ ಅನುವಾದದಲ್ಲಿ ಕೇಳಿದೆ. ಅದು ಗೆಡ್ಡೆ. ನಮ್ಮ ಸುವರ್ಣಗೆಡ್ಡೆಯ ಸಂಬಂಧಿ, ಬಣ್ಣ ಹಾಕಿದ್ದು. ಅಮ್ಮಿಗೆ ಅಲ್ಲಿಂದಲೇ ಮೆಸೇಜ್ ಮಾಡಿದೆ. ಹತ್ತು ತಿಂಗಳು ನೀವು ಗೆಡ್ಡೆಗೆ ಹೆದರಿದ್ರಿ ಎಂದು ಬರೆದೆ. ಅಮ್ಮಿ ನಗುವ ಮುಖ ಕಳಿಸಿದರು. ನೆನಪು ಗಟ್ಟಿಯಾಗಿದ್ದರೂ ತಪ್ಪಾಗಿರಬಹುದು ಎಂಬುದಕ್ಕೆ ಉದಾಹರಣೆ ಸಿಕ್ಕಿತು ಎಂದು ನನಗೆ ಖುಷಿ. ಆಮೇಲೆ ಅದು ನನಗೂ ಅನ್ವಯಿಸುತ್ತದೆ ಎಂದು ಹೊಳೆದು ತಿನ್ನುವುದನ್ನು ನಿಲ್ಲಿಸಿದೆ.

ಸಂಜೆ ದೋಣಿ. ಇಲ್ಲಿಯೂ ತಪ್ಪು ನನ್ನದೇ. ನನ್ನ ನೆನಪಿನಲ್ಲಿ ಒಂದೇ ದೋಣಿ ಕಾಲುವೆ ದಂಡೆಯ ಬಿಳಿ ಉಗ್ರಾಣಗಳ ಮುಂದೆಯೂ ಹೋಗುತ್ತದೆ, ಜೊಂಡಿನ ನಡುವೆಯೂ ನುಗ್ಗುತ್ತದೆ. ಅಲ್ಲಿ ನೋಡಿದರೆ ಕಾಲುವೆಯ ದೋಣಿಗಳೇ ಬೇರೆ, ಜೊಂಡಿನ ದೋಣಿಗಳೇ ಬೇರೆ, ಹತ್ತುವ ಜಾಗಗಳೂ ದೂರ ದೂರ. ನಾನು ಜೊಂಡಿನ ದೋಣಿ ಹತ್ತಿದೆ. ಹುಟ್ಟು ಹಾಕುತ್ತಿದ್ದವರಿಗೆ ಎಪ್ಪತ್ತು ದಾಟಿರಬೇಕು. ಕಾಲುವೆಯ ವಿಷಯ ಕೇಳಿದೆ. ತಾವು ಚಿಕ್ಕವರಿದ್ದಾಗ ಅದು ಹೂಳು ತುಂಬಿ ನಾರುತ್ತಿತ್ತು, ಮುಚ್ಚಿಬಿಡೋಣ ಎಂದೂ ಹೊರಟಿದ್ದರು, ಊರಿನ ಜನ ತಾವೇ ಇಳಿದು ಹೂಳು ತೆಗೆದರು ಎಂದರು. ಇಷ್ಟನ್ನು ಹೇಳಲು ಫೋನು ಅವರ ಮಾತನ್ನು ಮೂರು ಸಲ ಕೇಳಿಸಿಕೊಂಡಿತು. ಜೊಂಡಿನೊಳಗಿಂದ ಹಕ್ಕಿ ಕೂಗಿತು. ಆಪಾ ಮಾಡಿ ತೋರಿಸಿದಂತೆಯೇ ಇತ್ತು, ಆದರೆ ಸ್ವಲ್ಪ ಕೆಟ್ಟದಾಗಿ.

ನಾನು ಫೋಟೋ ತೋರಿಸಿದೆ. ಇದರಲ್ಲಿ ಇರೋದು ನಾನಿರಬಹುದು ಎಂದು ಹೇಳಿದೆ. ಆ 'ಇರಬಹುದು' ಜಪಾನಿ ಭಾಷೆಗೆ ಹೇಗೆ ಹೋಯಿತೋ. ಅವರು ಹುಟ್ಟನ್ನು ಪಕ್ಕಕ್ಕಿಟ್ಟು, ಫೋನನ್ನು ದೂರ ಹಿಡಿದು ನೋಡಿದರು. ಮಗು ಚೆನ್ನಾಗಿ ಕೂತಿದೆ ಎಂದರು. ಆಮೇಲೆ ಬೆರಳಿಟ್ಟು ಏನೋ ಕೇಳಿದರು. ಫೋನು ಹೇಳಿದ್ದು: "ಇನ್ನೊಂದು ಟೋಪಿ ಯಾರದು?"

ಮಗುವಿನ ಪಕ್ಕ ಹಲಗೆಯ ಮೇಲೆ ಒಂದು ದುಂಡಗಿನ ವಸ್ತು ಇತ್ತು. ಅದನ್ನು ನಾನು ಬುಟ್ಟಿಯ ಮುಚ್ಚಳವೆಂದುಕೊಂಡಿದ್ದೆ. ಅಲ್ಲ. ಮಗುವಿನ ತಲೆಯ ಮೇಲಿದ್ದಂಥದೇ ಇನ್ನೊಂದು ಟೋಪಿ, ಅದೇ ಅಳತೆ, ಅದೇ ನೀಲಿ ಪಟ್ಟಿ.

ಹಿಂದಿರುಗಿದ ಮೇಲೆ ಅಮ್ಮಿಗೆ ಅದನ್ನು ತೋರಿಸಿದೆ. ಎರಡೂ ಮಕ್ಕಳು ಹೋಗಿದ್ದರೆ ಇನ್ನೊಬ್ಬಳು ಫೋಟೋದ ಆಚೆ ಇದ್ದಾಳೆ, ಟೋಪಿ ಅವಳದು. ಒಬ್ಬಳೇ ಹೋಗಿದ್ದರೆ, ಚನ್ನಪಟ್ಟಣದಲ್ಲಿರುವ ಮಗುವಿಗೆಂದು ಕೊಂಡ ಟೋಪಿಯನ್ನು ದೋಣಿಯವರೆಗೆ ಯಾರು ತರುತ್ತಾರೆ? ಅಮ್ಮಿ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಎರಡು ತಗೊಂಡಿದ್ದೆ," ಎಂದರು. "ನಾನು ಯಾವಾಗ್ಲೂ ಎರಡೇ ತಗೋತಿದ್ದೆ ಅಲ್ವಾ."

ಅದು ನಿಜ. ಒಂದೇ ಪೆನ್ಸಿಲ್ ಎಂದೂ ಕೊಂಡವರಲ್ಲ ಅವರು. ಒಬ್ಬಳಿಗೆ ಶೂ ಹರಿದರೆ ಇಬ್ಬರಿಗೂ ಹೊಸ ಶೂ. ಆಪಾಗೆ ಕನ್ನಡಕ ಬಂದಾಗ ನನಗೆ ಗಾಜಿಲ್ಲದ ಒಂದು ಫ್ರೇಮು ಕೊಡಿಸಿದ್ದರು. ನಾವು ಅದನ್ನು ಟೀಚರಮ್ಮನ ಶಿಸ್ತು ಎಂದು ನಗುತ್ತಿದ್ದೆವು. ಪರದೆಯೊಳಗೆ ನಡುವೆ ಮಲಗಿ ಕಥೆಯನ್ನೂ ಹಾಗೆಯೇ ಎರಡು ಕಡೆಗೆ ಹಂಚಿದರೇನೋ, ಇಬ್ಬರ ಕಿವಿಗೂ ಒಂದೇ ದೋಣಿ, ಒಂದೇ ಹಕ್ಕಿ. ಆಪಾಗೂ ಒಳ್ಳೆಯದು, ನನಗೂ ಒಳ್ಳೆಯದು. ಮೂರನೆಯ ಒಳ್ಳೆಯದು ಯಾರಿಗೆ ಎಂದು ನನಗೆ ಆಗ ಕೇಳಲು ತೋಚಲಿಲ್ಲ.

ಕಳೆದ ತಿಂಗಳ ಒಂದು ಶನಿವಾರ ಅಮ್ಮಿಯನ್ನು ಕರೆದುಕೊಂಡು ಆಪಾಳ ಮನೆಗೆ ಹೋಗಿದ್ದೆ. ಊಟ ಮುಗಿಸಿ ಅಮ್ಮಿ ಒಳಗೆ ನಮಾಜಿಗೆ ಹೋದರು. ನಾವಿಬ್ಬರು ಸಿಂಕಿನ ಮುಂದೆ. ನಾನು ಟೋಪಿಯ ವಿಷಯ ಹೇಳಿದೆ. ಖಾಲಾ ಹೇಳಿದ್ದನ್ನೂ ಮತ್ತೊಮ್ಮೆ ಹೇಳಿದೆ. ಬಿಟ್ಟುಹೋದ ಮಗುವಿಗೆ ಮುಂದೆ ಏನಾದರೂ ಲಕ್ಷಣ ಉಳಿಯಬೇಕಲ್ಲವೇ ಎಂದು ಕೇಳಿದೆ. ನಾನು ಏರ್‌ಪೋರ್ಟಿಗೆ ನಾಲ್ಕು ಗಂಟೆ ಮುಂಚೆ ಹೋಗಿ ಕೂರುತ್ತೇನೆ. ಆಪಾ ಯಾವ ಊರಿನಿಂದ ಬಂದರೂ ವಾರದವರೆಗೆ ಪೆಟ್ಟಿಗೆ ಬಿಚ್ಚುವುದಿಲ್ಲ. ನಾನು ಸನಾಳನ್ನು ಡೇ ಕೇರ್‌ನಲ್ಲಿ ಬಿಟ್ಟು ಬಂದ ಮೊದಲ ದಿನ ಪಾರ್ಕಿಂಗ್ ಲಾಟಿನಲ್ಲೇ ಎರಡು ಗಂಟೆ ಕೂತಿದ್ದೆ. ಆಪಾ ಮಕ್ಕಳೇ ಬೇಡ ಎಂದುಕೊಂಡವಳು. ಲಕ್ಷಣ ಹುಡುಕಲು ಹೊರಟರೆ ಇಬ್ಬರಲ್ಲೂ ಧಾರಾಳವಾಗಿದ್ದವು.

ಆಪಾ ನಲ್ಲಿ ನಿಲ್ಲಿಸಿದಳು. "ನೋಡು, ನಂಗೆ ಗೊತ್ತಾಗೋದು ಬೇಡ."

"ಯಾಕೆ? ನೀನೇ ಹೋಗಿದ್ದು ಅಂತಿದ್ಯಲ್ಲ."

"ಅಂತಿದೀನಿ. ನಾನೇ ಉಳಿದವಳು ಅಂತ ಗೊತ್ತಾದ್ರೆ ಅಮ್ಮಿ ಮೇಲೆ ಕೋಪ ಮಾಡ್ಕೋಬೇಕಾಗತ್ತೆ. ಅವ್ರಿಗೆ ಎಪ್ಪತ್ತೆರಡು. ಅಷ್ಟು ದೊಡ್ಡ ಕೋಪ ಶುರು ಮಾಡಿ ಮುಗಿಸೋಕೆ ಟೈಮಿಲ್ಲ ಕಣೇ." ತಟ್ಟೆ ಒರೆಸಿ ಕೊಟ್ಟಳು. "ನಿಂಗೆ ಬೇಕಿದ್ರೆ ಕೇಳ್ಕೋ. ನಂಗೆ ಮಾತ್ರ ಹೇಳ್ಬೇಡ."

ನಾನು ಅವಳ ಮುಖ ನೋಡಿದೆ. ದೋಣಿಯಲ್ಲಿ ಇದ್ದದ್ದು ತಾನೇ ಎಂದು ಮೂರು ತಿಂಗಳು ವಾದಿಸಿದವಳಿಗೂ ಅದು ಗೊತ್ತಿಲ್ಲ ಎಂದು ಆಗ ತಿಳಿಯಿತು. ಗೊತ್ತಿಲ್ಲದ್ದಕ್ಕೇ ಅಷ್ಟು ಜೋರಾಗಿ ವಾದಿಸಿದ್ದಳು. ನಾನೂ ಅಷ್ಟೇ ತಾನೇ.

ಎವರೆಟ್‌ನಿಂದ ವುಡಿನ್‌ವಿಲ್‌ಗೆ ಮಧ್ಯಾಹ್ನದ ಹೊತ್ತಿನಲ್ಲಿ ಅರ್ಧ ಗಂಟೆ. ಅಮ್ಮಿ ಮುಂದಿನ ಸೀಟಿನಲ್ಲಿ ಆಪಾ ಕಟ್ಟಿಕೊಟ್ಟ ಎರಡು ಡಬ್ಬಿಗಳನ್ನು 'ಒಂದು ಸನಾಗೆ, ಒಂದು ನಿಂಗೆ' ಎಂದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಯಾರನ್ನು ಬಿಟ್ಟಿರಿ ಎಂದು ಕೇಳಬೇಕೆಂದು ನಾನು ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದೆ. ಹೆದ್ದಾರಿಗೆ ಸೇರಿದ ಮೇಲೆ ನೋಡಿದರೆ ಆ ಪ್ರಶ್ನೆ ನನ್ನ ಬಾಯಲ್ಲಿ ಇರಲಿಲ್ಲ. ಅದಕ್ಕೆ ಉತ್ತರ ಬಂದರೆ ನಮ್ಮಲ್ಲಿ ಒಬ್ಬಳು ಗೆಲ್ಲುತ್ತಾಳೆ, ಒಬ್ಬಳು ಸೋಲುತ್ತಾಳೆ, ಮೂವತ್ತೈದು ವರ್ಷ ಅಮ್ಮಿ ಎರಡೆರಡು ಕೊಂಡದ್ದೆಲ್ಲ ದಂಡವಾಗುತ್ತದೆ. ಬೇರೊಂದು ಪ್ರಶ್ನೆ ಅಲ್ಲಿ ಇತ್ತು. ಅದನ್ನು ನಾನು ಜೋಡಿಸಿಕೊಂಡಿರಲಿಲ್ಲ.

ಕೇಳಿದೆ. ಅಮ್ಮಿ ರಸ್ತೆಯನ್ನೇ ನೋಡುತ್ತಿದ್ದರು. ನಿನ್ನ ಎಕ್ಸಿಟ್ ಹೋಯ್ತು ನೋಡು ಎಂದರು. ಹೋಗಿತ್ತು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಸುತ್ತಿಕೊಂಡು ಬರುವಷ್ಟು ಹೊತ್ತು ಅವರು ಡಬ್ಬಿಗಳ ಮೇಲಿನ ಕೈ ತೆಗೆಯಲಿಲ್ಲ. ಮನೆಗೆ ಬಂದ ಮೇಲೆ ಚಹಾ ಮಾಡಿದರು. ಅದಾಗಿ ನಾಲ್ಕು ವಾರ. ದಿನವೂ ಒಟ್ಟಿಗೆ ಊಟ ಮಾಡುತ್ತೇವೆ, ಕೊತ್ತಂಬರಿಯ ಬಗ್ಗೆ ಮಾತಾಡುತ್ತೇವೆ. ಮುಂದಿನ ಶುಕ್ರವಾರ ಅವರು ಊರಿಗೆ ಹೊರಡುತ್ತಾರೆ. ನಾನು ಮತ್ತೆ ಕೇಳಿಲ್ಲ, ಅವರು ಮರೆತಿಲ್ಲ ಎಂಬುದು ಮಾತ್ರ ನನಗೆ ಗೊತ್ತು.

ಕಾರಿನಲ್ಲಿ ನಾನು ಕೇಳಿದ್ದು ಇಷ್ಟು: "ಅಮ್ಮಿ, ಯಾರು ಅಂತ ಕೇಳಲ್ಲ. ನೀವು ಹೊರಟಾಗ ಆ ಮಗು ಅತ್ತಿತ್ತಾ?"